ಆಸ್ಪತ್ರೇಲಿ ಔಷಧಿಗೆ ಬಗ್ಗದ ಇನ್‌ಫೆಕ್ಷನ್: ಪೇಶಂಟ್ ಜೊತೆ ಇರೋರು ಏನ್ ಮಾಡ್ಬೇಕು

ಶಿರಸಿ, ಕುಮಟಾ ಕಡೆ ಯಾರಿಗಾದ್ರೂ ಸೀರಿಯಸ್ ಆದ್ರೆ ಮೊದ್ಲು ಊರಿನ ಆಸ್ಪತ್ರೆ, ಆಮೇಲೆ ಕಾರವಾರವೋ ಹುಬ್ಬಳ್ಳಿಯೋ ಮಣಿಪಾಲವೋ ಅಂತ ಆಂಬುಲೆನ್ಸ್ ಹತ್ತೋದು ಮಾಮೂಲಿ, ಆ ಗಡಿಬಿಡೀಲಿ ಕಲ್ಚರ್ ರಿಪೋರ್ಟ್ ಹಿಂದೇನೇ ಉಳಿದುಬಿಡುತ್ತೆ. ದಯವಿಟ್ಟು ಅದನ್ನ ಕೇಳಿ ತಗೊಂಡೇ ಹೊರಡಿ. ರಕ್ತ, ಮೂತ್ರ, ಕೀವಲ್ಲಿ ಯಾವ ಬ್ಯಾಕ್ಟೀರಿಯಾ ಬೆಳೀತು ಅಂತ ಅದ್ರಲ್ಲೇ ಇರೋದು. ಔಷಧಿ ಹೆಸರಿನ ಮುಂದೆ ‘ಎಸ್’ ಇದ್ರೆ ಕೆಲಸ ಮಾಡೋ ಸಾಧ್ಯತೆ ಜಾಸ್ತಿ, ‘ಆರ್’ ಇದ್ರೆ ರೆಸಿಸ್ಟೆಂಟ್, ಅಂದ್ರೆ ಆ ಔಷಧಿಗೆ ಬ್ಯಾಕ್ಟೀರಿಯಾ ಬಗ್ಗಲ್ಲ.

ರಿಪೋರ್ಟ್‌ಗೆ ಸಾಮಾನ್ಯವಾಗಿ 2-3 ದಿನ ಬೇಕು. ಪೇಶಂಟ್ ಸ್ಥಿತಿ ಬಿಗಡಾಯಿಸಿದ್ರೆ ಡಾಕ್ಟರ್ ಕಾಯದೇ ಸ್ಟ್ರಾಂಗ್ ಆ್ಯಂಟಿಬಯೋಟಿಕ್ ಶುರು ಮಾಡ್ತಾರೆ, ಅದು ಸರಿನೇ, ಆದ್ರೆ ರಿಪೋರ್ಟ್ ಬಂದ್ಮೇಲೆ ಔಷಧಿ ಬದಲಾಯಿಸ್ಬೇಕಾ ಅಂತ ನೀವೇ ನೆನಪು ಮಾಡಿ, ಸಂಕೋಚ ಬೇಡ.

ಇನ್ನು ಕೈ. ಎಂಆರ್‌ಎಸ್‌ಎ, ಕ್ಲೆಬ್ಸಿಯೆಲ್ಲಾ ತರದ ಬ್ಯಾಕ್ಟೀರಿಯಾ ಎಲ್ಲ ಒಂದು ಬೆಡ್‌ನಿಂದ ಇನ್ನೊಂದಕ್ಕೆ ಹೆಚ್ಚಾಗಿ ಕೈ ಮೇಲೇನೇ ಹೋಗೋದು. ಪೇಶಂಟ್‌ನ ಮುಟ್ಟೋ ಮುಂಚೆ, ಮುಟ್ಟಿದ ಮೇಲೆ ಸ್ಯಾನಿಟೈಸರ್ ಹಚ್ಚಿ 20-30 ಸೆಕೆಂಡ್ ಉಜ್ಜಿ, ಹೆಬ್ಬೆರಳ ಬುಡ, ಉಗುರಿನ ಸಂದಿ ಬಿಟ್ಟುಹೋಗ್ತವೆ ನೋಡಿ. ಭೇದಿ ಇರೋ ಪೇಶಂಟ್ ಆದ್ರೆ ಸೋಪು ನೀರೇ ಬೇಕು, ಭೇದಿ ತರೋ ಸಿ. ಡಿಫಿಸಿಲ್ ಅನ್ನೋ ಬ್ಯಾಕ್ಟೀರಿಯಾದ ಸ್ಪೋರ್ (ಗಟ್ಟಿ ಕವಚದ ರೂಪ) ಸ್ಯಾನಿಟೈಸರ್‌ನ ಆಲ್ಕೋಹಾಲ್‌ಗೆ ಸಾಯಲ್ಲ.

ಮೂತ್ರದ ಪೈಪು, ಐವಿ ಲೈನ್ (ಡ್ರಿಪ್ ಹಾಕೋ ನಳಿಕೆ) ಇನ್ನೂ ಬೇಕಾ ಅಂತ ದಿನಾ ರೌಂಡ್ಸ್‌ನಲ್ಲಿ ಕೇಳಿ, ಜಾಸ್ತಿ ದಿನ ಇದ್ದಷ್ಟೂ ಇನ್‌ಫೆಕ್ಷನ್ ಅಪಾಯ ಜಾಸ್ತಿ. ಯೂರಿನ್ ಬ್ಯಾಗ್ ಯಾವಾಗ್ಲೂ ಸೊಂಟಕ್ಕಿಂತ ಕೆಳಗೆ, ಆದ್ರೆ ನೆಲಕ್ಕೆ ತಾಗದ ಹಾಗೆ ನೇತುಹಾಕಿ.

ನೋಡೋಕೆ ಅಂತ ಊರಿಗೂರೇ ಬರೋದು ಬೇಡ, ಬಂದೋರು ಬೆಡ್ ಮೇಲೆ ಕೂರೋದೂ ಬೇಡ. ಮನೆಗೆ ಬಂದ್ಮೇಲೆ ಉಳಿದ ಮಾತ್ರೆ ಪಕ್ಕದಮನೆಯೋರ ಜ್ವರಕ್ಕೆ ಕೊಡ್ಬೇಡಿ.