ಒತ್ತಕ್ಷರದ ಬಳಿ ನಿಂತುಬಿಡುವ ಮಕ್ಕಳು

ದಾವಣಗೆರೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಓದಲು ತೊಡಕಿರುವ ಮಕ್ಕಳಿಗೆ ಪಾಠ ಹೇಳುತ್ತೇನೆ. ವಿಶೇಷ ಶಿಕ್ಷಣದಲ್ಲಿ ಬಿ.ಎಡ್. ಮಾಡಿ, ಕೆಲವು ವರ್ಷ ಶಾಲೆಯಲ್ಲಿ ದುಡಿದು, ಈಗ ಸಂಜೆ ಹೊತ್ತು ಇದೊಂದೇ ಕೆಲಸ ಇಟ್ಟುಕೊಂಡಿದ್ದೇನೆ. ಬರುವವರು ಹೆಚ್ಚಾಗಿ ನಾಲ್ಕು, ಐದು, ಆರನೇ ತರಗತಿಯವರು. ಬಾಯಿಲೆಕ್ಕ ಕೇಳಿದರೆ ಥಟ್ಟನೆ ಹೇಳುತ್ತಾರೆ. ಕಥೆ ಹೇಳಿದರೆ ಒಂದೆಳೆಯೂ ಬಿಡದೆ ತಿರುಗಿ ಒಪ್ಪಿಸುತ್ತಾರೆ. ಪುಸ್ತಕ ತೆರೆದೊಡನೆ ಬಾಯಿ ಕಟ್ಟುತ್ತದೆ. ಅಷ್ಟರೊಳಗೆ ಇವರ ಕಿವಿಗೆ ‘ಸೋಮಾರಿ’, ‘ದಡ್ಡ’ ಎಂಬ ಮಾತುಗಳು ಎಷ್ಟು ಸಲ ಬಿದ್ದಿರುತ್ತವೆ ಎಂದರೆ, ನನ್ನೆದುರು ಕೂತಾಗಲೂ ಮೊದಲು ಕಣ್ಣು ಹೋಗುವುದು ಬಾಗಿಲ ಕಡೆಗೆ.

ಬುದ್ಧಿ ಚುರುಕಿದ್ದೂ ಓದು ಬರಹ ಹತ್ತದ ಈ ತೊಡಕಿಗೆ ಡಿಸ್‌ಲೆಕ್ಸಿಯಾ ಎಂಬ ಹೆಸರನ್ನು ಜರ್ಮನಿಯ ನೇತ್ರ ವೈದ್ಯ ರುಡಾಲ್ಫ್ ಬರ್ಲಿನ್ 1887ರಲ್ಲೇ ಬಳಸಿದ್ದ. ಅಂದಿನಿಂದ ಇದರ ಬಗ್ಗೆ ಬಂದ ಬರಹ, ಚಾರ್ಟು, ಅಭ್ಯಾಸ ಪುಸ್ತಕಗಳಲ್ಲಿ ಬಹುಪಾಲು ಇಂಗ್ಲಿಷ್ ಓದಿನದು. ನಾವು ತರಬೇತಿಯಲ್ಲಿ ಕಲಿತದ್ದೂ ಅದೇ: ಮಗು ಬಿ ಮತ್ತು ಡಿ ಅಕ್ಷರಗಳನ್ನು ಅದಲುಬದಲು ಮಾಡುತ್ತದೆಯೇ, ಸ್ಪೆಲ್ಲಿಂಗ್ ತಪ್ಪುತ್ತದೆಯೇ ಎಂದು ನೋಡುವುದು. ಕನ್ನಡ ಓದುವ ಮಗು ಎಡವುವ ಜಾಗಗಳೇ ಬೇರೆ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಹಾಗಾಗಿ ಸುಲಭ ಎನ್ನುತ್ತಾರೆ. ಆದರೆ ಲಿಪಿಯ ಗಾತ್ರವನ್ನು ಗಮನಿಸಬೇಕು. ವರ್ಣಮಾಲೆಯ 49 ಅಕ್ಷರ ಕಲಿತರೆ ಕೆಲಸ ಮುಗಿಯುವುದಿಲ್ಲ. 34 ವ್ಯಂಜನಗಳಿಗೆ 13 ಸ್ವರ ಸೇರಿದರೆ 442 ರೂಪಗಳಾಗುತ್ತವೆ. ಅದರ ಮೇಲೆ ಒತ್ತಕ್ಷರ. ಕನ್ನಡ ಮಾಧ್ಯಮದ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರು, ಅಕ್ಷರ ಕಲಿಕೆ ನಾಲ್ಕನೇ ತರಗತಿಯವರೆಗೂ ನಡೆದೇ ಇರುತ್ತದೆ ಎಂದು 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿದರು. ಸಾಮಾನ್ಯ ಮಗುವಿನ ಗತಿಯೇ ಹೀಗಿರುವಾಗ, ತೊಡಕಿರುವ ಮಗುವಿಗೆ ಎರಡನೇ ತರಗತಿ ಮುಗಿಯುವುದರೊಳಗೆ ಎಲ್ಲ ಬರಬೇಕು ಎನ್ನುವುದು ಯಾವ ನ್ಯಾಯ?

ಒಬ್ಬ ಹುಡುಗನ ಕಥೆ ಹಿಡಿದು ನನ್ನ ಕ್ರಮವನ್ನು ಹೇಳುತ್ತೇನೆ. ಅವನಿಗಾಗ ಐದನೇ ತರಗತಿ. ತಾಯಿ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. “ಇವನ ತಲೆಗೆ ಅಕ್ಷರ ಹತ್ತುವುದಿಲ್ಲ ಮೇಡಂ, ಬೇರೆ ಎಲ್ಲದರಲ್ಲೂ ಚುರುಕು” ಎಂದರು. ಕಣ್ಣು, ಕಿವಿ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದೆ. ಇದನ್ನು ಯಾರಿಗೂ ಬಿಡುವುದಿಲ್ಲ. ಸಣ್ಣ ಕಿವುಡು, ಕನ್ನಡಕ ಬೇಕಾದ ಕಣ್ಣು, ಇವನ್ನೇ ಕಲಿಕೆಯ ದೋಷವೆಂದು ತಿಳಿದು ವರ್ಷಗಟ್ಟಲೆ ಕಳೆದ ಮಕ್ಕಳನ್ನು ಕಂಡಿದ್ದೇನೆ. ಅವನ ಕಣ್ಣು, ಕಿವಿ ಎರಡೂ ಸರಿಯಿದ್ದವು. ಬಳಿಕ ಮನಶ್ಶಾಸ್ತ್ರಜ್ಞರ ಬಳಿ ಕಳುಹಿಸಿದೆ. ಬುದ್ಧಿಮಟ್ಟ ವಯಸ್ಸಿಗೆ ತಕ್ಕಂತಿದೆ, ಓದು ಬರಹ ತೀರ ಹಿಂದಿದೆ ಎಂದು ವರದಿ ಬಂತು.

ವರದಿ ತೊಡಕು ಇದೆ ಎಂದು ಹೇಳುತ್ತದೆ. ಎಲ್ಲಿದೆ ಎಂಬುದನ್ನು ನಾನೇ ಹುಡುಕಬೇಕು. ಅದಕ್ಕೆ ನನ್ನದೊಂದು ಕ್ರಮವಿದೆ. ಮೊದಲು ಬಿಡಿ ಅಕ್ಷರಗಳನ್ನು ವರ್ಣಮಾಲೆಯ ಅನುಕ್ರಮ ಕೆಡಿಸಿ ಓದಿಸುತ್ತೇನೆ. ಆಮೇಲೆ ಗುಣಿತಾಕ್ಷರ, ಅದನ್ನೂ ಕಲಸಿ. ಆಮೇಲೆ ಒತ್ತಕ್ಷರದ ಪದಗಳು. ಕೊನೆಯಲ್ಲಿ ಅರ್ಥವೇ ಇಲ್ಲದ ಪದಗಳು: ‘ಟಗಿಮು’, ‘ಸೊಪೆದಿ’, ‘ಬಕ್ಲಿ’. ಮಗು ನಿಜವಾಗಿ ಓದುತ್ತಿದೆಯೋ, ಊಹಿಸುತ್ತಿದೆಯೋ ಎಂಬುದು ಇಲ್ಲಿ ಬಯಲಾಗುತ್ತದೆ. ಈ ಹುಡುಗ ಪಾಠಪುಸ್ತಕದ ಪದಗಳನ್ನು ಮೊದಲ ಅಕ್ಷರ ನೋಡಿ, ಚಿತ್ರ ನೋಡಿ, ಚೆನ್ನಾಗಿಯೇ ಊಹಿಸುತ್ತಿದ್ದ. ‘ಸೊಪೆದಿ’ ಮುಂದೆ ಇಟ್ಟಾಗ ಸುಮ್ಮನಾದ. ‘ಕ ಕಾ ಕಿ ಕೀ’ ರಾಗವಾಗಿ ಕೊನೆಯವರೆಗೂ ಹೇಳುವವನಿಗೆ, ಒಂಟಿಯಾಗಿ ಬರೆದಿಟ್ಟ ‘ಕೆ’ ಗುರುತು ಸಿಗಲಿಲ್ಲ.

ಪಾಠ ಶುರುವಾಗುವುದು ಕಿವಿಯಿಂದ. ಪುಸ್ತಕ, ಪೆನ್ಸಿಲ್ ಏನೂ ಇಲ್ಲ. ‘ಅರಸ’ದಲ್ಲಿ ‘ಅ’ ತೆಗೆದರೆ ಏನು ಉಳಿಯುತ್ತದೆ? ರಸ. ‘ಸಮಯ’ದಲ್ಲಿ ‘ಯ’ ತೆಗೆದರೆ? ಸಮ. ಇದು ಬಂದ ಮೇಲೆ ಇನ್ನೂ ಸೂಕ್ಷ್ಮಕ್ಕೆ ಹೋಗುತ್ತೇನೆ. ‘ಬಳೆ, ಬೆಳೆ, ಬೇಳೆ, ಬಾಳೆ’ ಎಂದು ಹೇಳಿ, ಏನು ಬದಲಾಯಿತು ಎಂದು ಕೇಳುತ್ತೇನೆ. ಈ ನಾಲ್ಕು ಪದಗಳಲ್ಲಿ ಕನ್ನಡ ಓದಿನ ಅರ್ಧ ಗುಟ್ಟು ಇದೆ ಎಂದು ನನಗೆ ಅನ್ನಿಸುತ್ತದೆ. ವ್ಯಂಜನಗಳೆಲ್ಲ ಹಾಗೇ ಇವೆ, ಒಂದು ಸ್ವರ ಜರುಗಿತು, ಕೈಯ ಬಳೆ ಹೊಲದ ಬೆಳೆಯಾಯಿತು. ‘ಬ’ ಎಂಬುದು ಒಂದೇ ಗಟ್ಟಿ ಎಂದು ನಂಬಿದ ಮಗುವಿಗೆ, ಅದರೊಳಗೆ ಎರಡು ದನಿಗಳಿವೆ ಎಂಬುದು ಕಿವಿಗೆ ಬೀಳುವವರೆಗೆ ಗುಣಿತ ಬರೀ ಬಾಯಿಪಾಠವಾಗಿ ಉಳಿಯುತ್ತದೆ.

ಈ ಆಟವನ್ನು ಅವನ ತಾಯಿಗೂ ಹೇಳಿಕೊಟ್ಟೆ. ಅವರಿಗೆ ಓದು ಬಾರದು, ಮಗನ ಪಾಠಕ್ಕೆ ತನ್ನಿಂದ ಏನೂ ಆಗದು ಎಂದು ಕುಗ್ಗಿದ್ದರು. ಆದರೆ ಕಿವಿಯ ಆಟಕ್ಕೆ ಅಕ್ಷರ ಬೇಕಿಲ್ಲ. ರಾತ್ರಿ ರೊಟ್ಟಿ ತಟ್ಟುವಾಗ ಒಂದೊಂದೇ ಪದ ಹೇಳಿ ಮಗನಿಂದ ಬಿಡಿಸಲು ಶುರು ಮಾಡಿದರು. ನಾನು ಕೊಟ್ಟ ಪದಗಳು ಮುಗಿದ ಮೇಲೆ ತಾವೇ ಹುಡುಕಿ ತಂದರು: ‘ಕೊಡ, ಕೋಡು, ಕಾಡು’. ಪಾಠದಲ್ಲಿ ನಾನು ಬಳಸುವ ಎಷ್ಟೋ ಪದಗಳು ಈಗ ಅವರವೇ.

ಅಕ್ಷರಕ್ಕೆ ಬಂದಾಗ ‘ಅ ಆ ಇ ಈ’ ಅನುಕ್ರಮವನ್ನು ಬದಿಗಿಡುತ್ತೇನೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳಿಗೆ ಆಟ, ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಕ್ರಮ ‘ರ, ಗ, ಸ, ದ, ಅ’ ಎಂದು ಆರಂಭಿಸಿದ್ದು ನನಗೆ ಬಹಳ ಮೆಚ್ಚುಗೆಯ ಸಂಗತಿ. ಕಲಿತ ಕೂಡಲೇ ‘ಅರಸ’, ‘ಸರ’, ‘ದರ’ ಓದಬಹುದು. ಅದಕ್ಕೆ ನಾನು ಸೇರಿಸಿಕೊಂಡ ಒಂದು ಎಚ್ಚರವೆಂದರೆ, ಆಕಾರ ಹೋಲುವ ಅಕ್ಷರಗಳನ್ನು ಒಟ್ಟಿಗೆ ತರುವುದಿಲ್ಲ. ‘ಸ’ ಗಟ್ಟಿಯಾಗುವವರೆಗೆ ‘ನ’ ಇಲ್ಲ. ‘ಪ’ ನೆಲೆಯಾಗುವವರೆಗೆ ‘ವ’, ‘ಷ’ ಇಲ್ಲ. ಮಗು ಅಕ್ಷರವನ್ನು ರವೆ ಹರಡಿದ ತಟ್ಟೆಯಲ್ಲಿ ಬೆರಳಿನಿಂದ ದೊಡ್ಡದಾಗಿ ಬರೆಯುತ್ತಾ ಅದರ ದನಿಯನ್ನು ಹೇಳಬೇಕು. ಕಣ್ಣು, ಕಿವಿ, ಕೈ ಒಟ್ಟಿಗೆ ಕೆಲಸ ಮಾಡಬೇಕು ಎಂಬ ಈ ಕ್ರಮವನ್ನು 1930ರ ದಶಕದಲ್ಲಿ ಅಮೆರಿಕದ ನರವೈದ್ಯ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಶಿಕ್ಷಕಿ ಆನಾ ಗಿಲಿಂಗ್‌ಹ್ಯಾಮ್ ರೂಪಿಸಿದರು. ಮರಳಲ್ಲಿ ಅಕ್ಷರ ತಿದ್ದಿಸಿದ ನಮ್ಮ ಹಳೆಯ ಮಠದ ಶಾಲೆಗಳಿಗೂ ಇದು ಗೊತ್ತಿತ್ತು. ‘ತಪ್ಪಿದ ಪದವನ್ನು ಇಪ್ಪತ್ತು ಸಲ ಬರೆ’ ಎನ್ನುವುದನ್ನು ಮಾತ್ರ ನಾನು ಎಂದೂ ಮಾಡಿಸುವುದಿಲ್ಲ. ಹುಡುಗ ಒಂದು ಸಲ ತಪ್ಪು ನೋಡಿದರೆ ಸಾಕು, ಉಳಿದಷ್ಟೂ ಸಲ ಆ ತಪ್ಪನ್ನೇ ಕೈಗೆ ಕಲಿಸುತ್ತಾನೆ.

ಗುಣಿತಕ್ಕೆ ನಾನು ಪಾರದರ್ಶಕ ಹಾಳೆ ಬಳಸುತ್ತೇನೆ. ರಟ್ಟಿನ ಮೇಲೆ ತಲೆಕಟ್ಟು ಇಲ್ಲದ ವ್ಯಂಜನ, ಹಾಳೆಗಳ ಮೇಲೆ ಕೆಂಪು ಶಾಯಿಯಲ್ಲಿ ಒಂದೊಂದು ಸ್ವರಚಿಹ್ನೆ. ತಲೆಕಟ್ಟಿಗೂ ಒಂದು ಹಾಳೆ. ತಲೆಕಟ್ಟು ‘ಅ’ಕಾರದ ಗುರುತು ಎಂಬುದನ್ನು ನಾವು ವ್ಯಾಕರಣದಲ್ಲಿ ಓದಿ ಮರೆತಿರುತ್ತೇವೆ, ಈ ಮಕ್ಕಳಿಗೆ ಅದು ಬೀಗದ ಕೈ ಇದ್ದಂತೆ. ತಲೆಕಟ್ಟಿನ ಹಾಳೆ ಇಟ್ಟರೆ ‘ಕ’. ಅದನ್ನು ತೆಗೆದು ಗುಡಿಸು ಇಟ್ಟರೆ ‘ಕಿ’. ಹುಡುಗ ಮೊದಲ ಸಲ ಇದನ್ನು ತಾನೇ ಮಾಡಿ ನೋಡಿದಾಗ, “ಮಿಸ್, ಹಾಗಾದರೆ ಇದು ಹೋಗಿ ಅದು ಬಂತು” ಎಂದ. ಅಷ್ಟೇ ಬೇಕಿತ್ತು. ‘ಜ, ಣ, ಬ, ಲ’ ಮುಂತಾದವಕ್ಕೆ ತಲೆಕಟ್ಟೇ ಇಲ್ಲ, ‘ಪು’, ‘ವು’ಗಳಲ್ಲಿ ಕೊಂಬು ಕೆಳಗಿಳಿಯುತ್ತದೆ, ಇಂಥವನ್ನು ಆಮೇಲೆ, ಬೇರೆಯಾಗಿ ಕಲಿಸುತ್ತೇನೆ. ಒಂದು ವ್ಯಂಜನಕ್ಕೆ ಎಲ್ಲ ಸ್ವರ ಹಚ್ಚುವ ಬದಲು, ಒಂದೇ ಸ್ವರವನ್ನು ಹಲವು ವ್ಯಂಜನಗಳಿಗೆ ಹಚ್ಚಿಸುವುದು ನನ್ನ ರೂಢಿ: ‘ಕಿ, ಗಿ, ಸಿ, ರಿ, ದಿ’. ಹೀಗೆ ಮಾಡಿದರೆ ರಾಗದ ಆಸರೆ ತಪ್ಪುತ್ತದೆ, ಚಿಹ್ನೆಯನ್ನು ನೋಡಲೇಬೇಕಾಗುತ್ತದೆ.

ಒತ್ತಕ್ಷರವೇ ದೊಡ್ಡ ಗಂಡಾಂತರ. ‘ಆಸ್ತಿ’ಯನ್ನು ನೋಡಿ. ಕಣ್ಣಿಗೆ ಕಾಣುವುದು ‘ಸಿ’, ಅದರ ಕೆಳಗೆ ‘ತ’ದ ಒತ್ತು. ಗುಡಿಸು ಇರುವುದು ಸಕಾರದ ತಲೆಯ ಮೇಲೆ, ಕೇಳುವುದು ತಕಾರದ ನಂತರ. ಹುಡುಗ ಕಂಡದ್ದನ್ನು ಕಂಡ ಹಾಗೆ ಓದಿ ‘ಆಸಿತ’ ಎಂದ. ಇದನ್ನು ಅಜಾಗರೂಕತೆ ಎನ್ನುವುದು ಅನ್ಯಾಯ. ಅವನು ನಿಷ್ಠೆಯಿಂದ ಓದಿದ್ದಾನೆ. ಅರ್ಕಾವೊತ್ತಿನಲ್ಲಿ ಇದೇ ಗೊಂದಲ ತಿರುಗುಮುರುಗು: ‘ಸೂರ್ಯ’ದಲ್ಲಿ ರಕಾರ ಬರೆಯುವುದು ಕೊನೆಗೆ, ಕೇಳುವುದು ಮೊದಲಿಗೆ. ಇದಲ್ಲದೆ ‘ತ, ನ, ಮ, ಯ, ರ, ಲ’ಗಳ ಒತ್ತು ಮೂಲ ಅಕ್ಷರವನ್ನು ಹೋಲುವುದೂ ಇಲ್ಲ. ದೊಡ್ಡವರಾದ ನಮಗೆ ಇವೆಲ್ಲ ಕಾಣುವುದೇ ಇಲ್ಲ. ಮಗುವಿಗೆ ಇದನ್ನು ಯಾರಾದರೂ ಬಾಯಿಬಿಟ್ಟು ಹೇಳಲೇಬೇಕು.

ಆ ಹೊತ್ತಿಗೆ ಹುಡುಗನಿಗೆ ಓದಲು ಏನು ಕೊಡುವುದು ಎಂಬ ಪ್ರಶ್ನೆ ಎದುರಾಗಿತ್ತು. ಒಂದನೇ ತರಗತಿಯ ಪುಸ್ತಕ ತೆರೆದರೆ ನಾಚಿಕೆಯಿಂದ ಕುಗ್ಗುತ್ತಿದ್ದ. ಅವನಿಗೆ ಬಸ್ಸೆಂದರೆ ಪ್ರಾಣ. ಯಾವ ಬಸ್ಸು ಎಷ್ಟು ಹೊತ್ತಿಗೆ, ಯಾವ ಊರಿಗೆ, ಯಾವ ದಾರಿಯಲ್ಲಿ ಎಂಬುದೆಲ್ಲ ಬಾಯಲ್ಲಿ ಇತ್ತು, ಬೋರ್ಡು ಓದಿ ಅಲ್ಲ, ಬಸ್ಸಿನ ಬಣ್ಣ ಮತ್ತು ನಿಲ್ಲುವ ಜಾಗ ನೋಡಿ. ಸರಿ, ಬೋರ್ಡುಗಳನ್ನೇ ಪಾಠ ಮಾಡಿದೆ. ನಮ್ಮ ಸುತ್ತಲಿನ ಊರ ಹೆಸರುಗಳನ್ನು ಸಾಲಾಗಿಟ್ಟು ನೋಡಿದರೆ ಯಾರೋ ಪಾಠಕ್ಕೆಂದೇ ಜೋಡಿಸಿದ ಹಾಗಿವೆ. ‘ಹರಿಹರ’ದಲ್ಲಿ ಒಂದು ಗುಡಿಸು, ಅಷ್ಟೇ. ‘ಜಗಳೂರು’ ಬಂದರೆ ಕೊಂಬು, ಕೊಂಬಿನ ದೀರ್ಘ. ‘ಚನ್ನಗಿರಿ’, ‘ಹೊನ್ನಾಳಿ’, ‘ಹುಬ್ಬಳ್ಳಿ’ಗಳಲ್ಲಿ ಸಜಾತೀಯ ಒತ್ತು, ಅಕ್ಕ, ಅಪ್ಪ, ಅಜ್ಜಿ ಎಂದು ಮಾತು ಕಲಿತ ಮಗುವಿನ ನಾಲಿಗೆಗೆ ಇದು ಒಗ್ಗಿದ್ದು, ಒತ್ತಿನ ಪಾಠ ಇಲ್ಲಿಂದಲೇ ಶುರುವಾಗಬೇಕು. ಆಮೇಲೆ ವಿಜಾತೀಯ: ‘ನ್ಯಾಮತಿ’, ‘ಹೊಳಲ್ಕೆರೆ’. ಕೊನೆಗೆ ‘ಚಿತ್ರದುರ್ಗ’, ತಕಾರಕ್ಕೆ ರಕಾರದ ಒತ್ತು, ಗಕಾರಕ್ಕೆ ಅರ್ಕಾವೊತ್ತು, ಎರಡೂ ಒಂದೇ ಹೆಸರಿನಲ್ಲಿ.

‘ಹೊಳಲ್ಕೆರೆ’ಯ ಬಳಿ ಬಹಳ ದಿನ ನಿಂತೆವು. ಅವನು ‘ಹೊಳಲೆಕರೆ’ ಎನ್ನುತ್ತಿದ್ದ. ಎತ್ವವನ್ನು ಕೆಂಪಿನಲ್ಲಿ ಬರೆದೆ. ಮೊದಲು ಬಾಯಲ್ಲಿ ‘ಹೊ-ಳಲ್-ಕೆ-ರೆ’ ಎಂದು ತುಂಡು ಮಾಡಿಸಿ, ತುಂಡಿಗೊಂದು ಬಿಲ್ಲೆ ಇಡಿಸಿದೆ. ಆಮೇಲೆ ಬರಹ ತೋರಿಸಿ, “ಕೆಂಪು ಗುರುತು ಯಾರ ತಲೆಯ ಮೇಲಿದ್ದರೂ, ಅದರ ದನಿ ಕೆಳಗಿರುವವನಿಗೆ ಸೇರಿದ್ದು” ಎಂದೆ. ಅವನು ಬೆರಳನ್ನು ಲಕಾರದಿಂದ ಒತ್ತಿಗೆ ಇಳಿಸಿ, ಮತ್ತೆ ಮೇಲೆ ಕೆಂಪು ಗುರುತಿಗೆ ಏರಿಸಿ, ನಿಧಾನವಾಗಿ ಹೇಳಿದ. ಹೀಗೆ ಬೆರಳು ಇಳಿದು ಏರುವುದನ್ನು ಈಗ ನನ್ನ ಎಲ್ಲ ಮಕ್ಕಳಿಗೂ ಕಲಿಸುತ್ತೇನೆ. ಹುಟ್ಟಿದ್ದು ಮಾತ್ರ ಅವನಿಂದ.

ತಪ್ಪು ಎಣಿಸುವಾಗ ಒಂದು ವಿಷಯದಲ್ಲಿ ನಾನು ಬಹಳ ಬಿಗಿ. ನಮ್ಮ ಕಡೆ ಹಳ್ಳಿಗಳಲ್ಲಿ ‘ಹ’ ಬಿಟ್ಟು ಮಾತನಾಡುವ ಮನೆಗಳು ಎಷ್ಟೋ ಇವೆ. ‘ಹಸು’ ಎಂದು ಬರೆದದ್ದನ್ನು ಮಗು ‘ಅಸು’ ಎಂದು ಓದಿದರೆ, ಅದು ಮನೆಯ ಮಾತು, ಓದಿನ ದೋಷವಲ್ಲ. ಏನೆಂದು ಕೇಳಿ, ಹಾಲು ಕೊಡುವ ಪ್ರಾಣಿ ಎಂದರೆ ಓದು ಸರಿಯಿದೆ. ಮಹಾಪ್ರಾಣವೂ ಹಾಗೆಯೇ. ‘ದನ’, ‘ಧನ’ಗಳನ್ನು ದಿನದ ಮಾತಿನಲ್ಲಿ ನಮ್ಮಲ್ಲಿ ಎಷ್ಟು ಜನ ಬೇರೆ ಬೇರೆಯಾಗಿ ಉಚ್ಚರಿಸುತ್ತೇವೆ? ಕಿವಿ ನೆರವಿಗೆ ಬಾರದ ಇಂಥ ಪದಗಳನ್ನು ಕಣ್ಣಿನಿಂದಲೇ, ಪಟ್ಟಿ ಮಾಡಿ, ತಡವಾಗಿ ಕಲಿಸಬೇಕು. ಆಡುನುಡಿಗಾಗಿ ಬೈಸಿಕೊಂಡ ಮಗು ಗಟ್ಟಿಯಾಗಿ ಓದುವುದನ್ನೇ ನಿಲ್ಲಿಸುತ್ತದೆ, ಆಮೇಲೆ ನಿಜವಾದ ತಪ್ಪು ಯಾವುದೆಂದು ನಮಗೂ ತಿಳಿಯುವುದಿಲ್ಲ.

ಪದ ಬಂದ ಮೇಲೆ ವಾಕ್ಯ. ಕನ್ನಡದ ಪದಗಳು ಉದ್ದ. ‘ಮನೆಯಲ್ಲಿದ್ದವರೆಲ್ಲರಿಗೂ’ ಎಂಬುದನ್ನು ಕಂಡರೆ ಈ ಮಕ್ಕಳು ಅಲ್ಲೇ ಕೈಚೆಲ್ಲುತ್ತಾರೆ. ರಟ್ಟಿನಲ್ಲಿ ಕಿಂಡಿ ಕೊರೆದು, ‘ಮನೆಯಲ್ಲಿ’, ‘ದ್ದವರೆ’, ‘ಲ್ಲರಿಗೂ’ ಎಂದು ಸ್ವಲ್ಪ ಸ್ವಲ್ಪವೇ ತೋರಿಸುತ್ತೇನೆ. ಸಣ್ಣ ಭಾಗವೊಂದನ್ನು ಮೊದಲು ನಾನು ಓದುತ್ತೇನೆ, ಆಮೇಲೆ ಇಬ್ಬರೂ ಒಟ್ಟಿಗೆ, ಆಮೇಲೆ ಅವನೊಬ್ಬನೇ. ಮರುದಿನ ಅದನ್ನೇ ಮತ್ತೆ. ವೇಗದ ಮಾತು ಎತ್ತುವುದಿಲ್ಲ. ತಪ್ಪಿಲ್ಲದೆ ಓದಿದರೆ ವೇಗ ತಡವಾಗಿಯಾದರೂ ಬರುತ್ತದೆ. ವೇಗಕ್ಕೆ ಬಿದ್ದರೆ ಹಳೆಯ ಊಹೆ ಮರಳುತ್ತದೆ.

ಶಾಲೆಯವರೊಂದಿಗೆ ಮಾತನಾಡುವುದೂ ಈ ಕೆಲಸದ ಭಾಗವೇ. ತರಗತಿಯಲ್ಲಿ ಎಲ್ಲರೆದುರು ಹಠಾತ್ತನೆ ಎಬ್ಬಿಸಿ ಓದಿಸಬೇಡಿ, ಓದಿಸುವುದಿದ್ದರೆ ಹಿಂದಿನ ದಿನವೇ ಯಾವ ಭಾಗವೆಂದು ತಿಳಿಸಿ, ಉತ್ತರವನ್ನು ಬಾಯಲ್ಲಿ ಹೇಳಲು ಬಿಡಿ ಎಂದು ಕೇಳಿಕೊಳ್ಳುತ್ತೇನೆ. ಒಪ್ಪಿ ನಡೆಸಿಕೊಟ್ಟ ಶಿಕ್ಷಕರನ್ನು ನೆನೆದರೆ ಇಂದಿಗೂ ಮನಸ್ಸು ತುಂಬಿ ಬರುತ್ತದೆ. ಒಪ್ಪದವರಿಗೆ ಕಾನೂನು ತೋರಿಸುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ವಿಧಗಳಲ್ಲಿ ಡಿಸ್‌ಲೆಕ್ಸಿಯಾ ಸೇರಿದ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಪ್ರಮಾಣಪತ್ರ ಇದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕರು ಸಿಗುತ್ತಾರೆ. ಹಣೆಪಟ್ಟಿ ಹಚ್ಚಿದಂತಾಗುತ್ತದೆ ಎಂದು ಪ್ರಮಾಣಪತ್ರಕ್ಕೆ ಹಿಂಜರಿಯುವ ತಂದೆತಾಯಿಯರು ಬಹಳ. ‘ದಡ್ಡ’ ಎಂಬ ಹಣೆಪಟ್ಟಿ ಆಗಲೇ ಬಿದ್ದಾಗಿದೆ, ಅದಕ್ಕೆ ಯಾವ ಕಚೇರಿಯ ಮೊಹರೂ ಬೇಕಾಗಲಿಲ್ಲ, ಇದಾದರೂ ಮಗುವಿನ ನೆರವಿಗೆ ಬರುವಂಥದ್ದು ಎಂದು ಅವರಿಗೆ ಹೇಳುತ್ತೇನೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ಗಳಲ್ಲಿ ಇಂಥ ಮಕ್ಕಳ ತಪಾಸಣೆ ನಡೆಯುತ್ತದೆ.

ಹುಡುಗ ಈಗ ಎಂಟನೇ ತರಗತಿ. ಕನ್ನಡವನ್ನು ನಿಧಾನವಾಗಿ, ಅರ್ಥವಾಗುವಂತೆ ಓದುತ್ತಾನೆ. ಬರಹದಲ್ಲಿ ದೀರ್ಘ ಇನ್ನೂ ತಪ್ಪುತ್ತದೆ, ಮಹಾಪ್ರಾಣ ಬಹುಪಾಲು ತಪ್ಪುತ್ತದೆ. ಸಮಾಜ ವಿಜ್ಞಾನದ ಪಾಠವನ್ನು ನಾನು ಮೊಬೈಲಿನಲ್ಲಿ ಓದಿ ದಾಖಲಿಸಿಕೊಡುತ್ತೇನೆ, ಅವನು ಪುಸ್ತಕ ತೆರೆದು ಕೇಳುತ್ತಾ ಬೆರಳಿಟ್ಟು ಓದುತ್ತಾನೆ. ಇಂಗ್ಲಿಷನ್ನು ಈ ವರ್ಷವಷ್ಟೇ ಕೈಗೆತ್ತಿಕೊಂಡಿದ್ದೇವೆ. ಕನ್ನಡ ನೆಲೆಯಾಗುವವರೆಗೆ ಕಾಯೋಣ ಎಂದು ನಾನೇ ಹಠ ಹಿಡಿದಿದ್ದೆ. ಪರೀಕ್ಷೆಯ ಹೆಚ್ಚುವರಿ ಸಮಯಕ್ಕೆ ಬೇಕಾದ ಪ್ರಮಾಣಪತ್ರಕ್ಕಾಗಿ ಅವನ ತಾಯಿ ಭಟ್ಟಿಗೆ ರಜೆ ಹಾಕಿ ಆಸ್ಪತ್ರೆಗೆ ಓಡಾಡುತ್ತಿದ್ದಾರೆ. ಅರ್ಜಿಯ ನಮೂನೆಯನ್ನು ಮೊನ್ನೆ ಅವರಿಗೆ ಓದಿ ಹೇಳಿದವನು ಅವನೇ.