ತಿದ್ದಿದ ಹಾಳೆ ಎಸೆಯಬೇಡಿ
ಪತ್ರಿಕೋದ್ಯಮ ವಿದ್ಯಾರ್ಥಿಗಳು ಕಲಿಕೆಯ ದಿನಚರಿ ಬರೆಯುವುದು ಹೇಗೆ?

ಪತ್ರಿಕೋದ್ಯಮದ ಮಕ್ಕಳಿಗೆ ಪಾಠ ಮಾಡಲು ಶುರು ಮಾಡಿದ ಮೇಲೆ ಒಂದು ವಿಷಯ ಮತ್ತೆ ಮತ್ತೆ ನನ್ನ ಕಣ್ಣಿಗೆ ಬಿದ್ದಿದೆ. ವರದಿ ತಿದ್ದಿ ಕೊಟ್ಟರೆ ಎಲ್ಲರೂ ಮೊದಲು ನೋಡುವುದು ಅಂಕ. ಆಮೇಲೆ ಹಾಳೆ ಮಡಚಿ ಬ್ಯಾಗಿಗೆ ಹಾಕುತ್ತಾರೆ. ಮುಂದಿನ ವಾರದ ವರದಿಯಲ್ಲಿ ಅದೇ ತಪ್ಪು ಮತ್ತೆ ಬಂದು ಕೂತಿರುತ್ತದೆ.

ನಾನು ಪತ್ರಿಕೆಯ ಡೆಸ್ಕಿಗೆ, ಅಂದರೆ ಸುದ್ದಿ ತಿದ್ದುವ ವಿಭಾಗಕ್ಕೆ, ಸೇರಿದ ಹೊಸದರಲ್ಲೂ ಹೀಗೇ ಆಗುತ್ತಿತ್ತು. ಒಂದು ರಾತ್ರಿ ಲಕ್ಷ ಎನ್ನಬೇಕಾದ ಕಡೆ ಕೋಟಿ ಎಂದು ಹೋಯಿತು. ಮರುದಿನ ತಿದ್ದುಪಡಿ ಹಾಕಬೇಕಾಯಿತು. ಅವತ್ತು ನಮ್ಮ ಮುಖ್ಯ ಉಪಸಂಪಾದಕರು ಬೈಯಲಿಲ್ಲ. ‘ಒಂದು ನೋಟ್‌ಬುಕ್ ತಗೊಳ್ಳಿ. ನಾನು ತಿದ್ದಿದ್ದನ್ನೆಲ್ಲ ಮನೆಗೆ ಹೋಗಿ ಅದರಲ್ಲಿ ಬರೀರಿ. ಯಾಕೆ ತಿದ್ದಿದೆ ಅಂತ ನೀವೇ ಕಂಡುಹಿಡೀರಿ’ ಎಂದರು. ಆ ನೋಟ್‌ಬುಕ್ ಈಗಲೂ ನನ್ನ ಹತ್ತಿರ ಇದೆ. ನನಗೆ ಸುದ್ದಿ ಬರೆಯಲು ಕಲಿಸಿದ್ದು ಹೆಚ್ಚಾಗಿ ಅದೇ. ಹಾಗಾಗಿ ಈ ಲೇಖನ.

ಮೊದಲು ಪುಸ್ತಕ

200 ಪುಟದ ಲಾಂಗ್ ನೋಟ್‌ಬುಕ್ ಸಾಕು. ಮೊಬೈಲಿನಲ್ಲಿ ಬರೆಯುತ್ತೇನೆ ಎನ್ನುವವರು ಹಾಗೇ ಮಾಡಬಹುದು. ಆದರೆ ಎಲ್ಲವೂ ಒಂದೇ ಕಡೆ ಇರಲಿ. ಅರ್ಧ ವಾಟ್ಸ್‌ಆ್ಯಪ್‌ನಲ್ಲಿ, ಅರ್ಧ ಕ್ಲಾಸ್ ನೋಟ್ಸಿನ ಹಿಂದಿನ ಪುಟದಲ್ಲಿ ಇದ್ದರೆ ಬೇಕಾದಾಗ ಸಿಗುವುದಿಲ್ಲ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡುವವರು ಯೂನಿಕೋಡ್‌ನಲ್ಲೇ ಉಳಿಸಿ. ಹಳೆಯ ಫಾಂಟಿನಲ್ಲಿ ಇಟ್ಟರೆ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಬರೆದದ್ದು ಓದಲು ಬಾರದ ಗುರುತುಗಳಾಗಿ ಕಾಣಬಹುದು.

ನನ್ನ ಮಟ್ಟಿಗೆ ಕಾಗದದ ಪುಸ್ತಕವೇ ಮೇಲು. ತಿದ್ದಿದ ಪ್ರತಿಯನ್ನು ಅದರಲ್ಲೇ ಅಂಟಿಸಬಹುದು.

ಕೊನೆಯ 20 ಪುಟಗಳನ್ನು ಬೇರೆ ಬಿಡಿ. ಅದು ಯಾಕೆ ಎಂದು ಮುಂದೆ ಹೇಳುತ್ತೇನೆ.

ಅವತ್ತಿನದು ಅವತ್ತೇ

ದಿನಕ್ಕೆ 15 ನಿಮಿಷ. ಮಲಗುವ ಮೊದಲು. ವಾರದ ಬರವಣಿಗೆಯನ್ನು ಭಾನುವಾರ ಒಟ್ಟಿಗೆ ಮುಗಿಸುತ್ತೇನೆ ಎಂದುಕೊಂಡರೆ ಆಗುವುದಿಲ್ಲ. ಸೋಮವಾರ ಯಾವ ವಾಕ್ಯದ ಹತ್ತಿರ ಎಡವಿದಿರಿ ಎಂಬುದು ಭಾನುವಾರಕ್ಕೆ ಮರೆತಿರುತ್ತದೆ. ಊರಿಂದ ಬಸ್ಸಿನಲ್ಲಿ ಓಡಾಡುವವರು ದಾರಿಯಲ್ಲೇ ಎರಡು ನಿಮಿಷ ಮೊಬೈಲಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿಕೊಳ್ಳಿ. ಮನೆಗೆ ಬಂದು ಕೇಳಿಸಿಕೊಂಡು ಬರೆಯಿರಿ. ಏನೂ ನಡೆಯದ ದಿನ ಬರೆಯದಿದ್ದರೂ ಪರವಾಗಿಲ್ಲ.

ಏನು ಬರೆಯಬೇಕು?

ದಿನಚರಿ ಎಂದ ಕೂಡಲೇ ಹೆಚ್ಚಿನವರು ಬರೆಯುವುದು ಹೀಗೆ:

‘ಇವತ್ತು ಪತ್ರಿಕಾ ದಿನದ ವರದಿ ಬರೆದೆ. ಅತಿಥಿಗಳು ಚೆನ್ನಾಗಿ ಮಾತನಾಡಿದರು. ಇಂಟ್ರೊ ಬರೆಯುವುದನ್ನು ಕಲಿತೆ. ತುಂಬಾ ಖುಷಿಯಾಯಿತು.’

(ಇಂಟ್ರೊ ಎಂದರೆ ಸುದ್ದಿ ಶುರುವಾಗುವ ಮೊದಲ ಸಾಲುಗಳು.) ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಆರು ತಿಂಗಳ ನಂತರ ಓದಿದರೆ ಏನು ಕಲಿತಿರಿ ಎಂಬುದು ಇದರಿಂದ ಗೊತ್ತಾಗುವುದಿಲ್ಲ. ಅದೇ ದಿನದ ಬಗ್ಗೆ ಹೀಗೆ ಬರೆದಿದ್ದರೆ?

‘ಜುಲೈ 1. ಪತ್ರಿಕಾ ದಿನದ ವರದಿ, 250 ಪದ. ನನ್ನ ಇಂಟ್ರೊ: ಕಾಲೇಜಿನ ಪತ್ರಿಕೋದ್ಯಮ ವಿಭಾಗದ ವತಿಯಿಂದ ಪತ್ರಿಕಾ ದಿನಾಚರಣೆ ಹಮ್ಮಿಕೊಳ್ಳಲಾಗಿತ್ತು. ಮೇಡಂ ಅಡ್ಡಗೆರೆ ಎಳೆದರು. ಹಳ್ಳಿಗಳ ವರದಿಗಾರರಿಗೆ ಸಿಗುವ ಸಂಭಾವನೆ ಎಷ್ಟು ಕಡಿಮೆ ಎಂದು ಅತಿಥಿ ಕೊನೆಯಲ್ಲಿ ಹೇಳಿದರು. ಅದನ್ನು ಐದನೇ ಪ್ಯಾರಾದಲ್ಲಿ ಹಾಕಿದ್ದೆ. ಅದೇ ಸುದ್ದಿ. ಯಾಕೆ ಕೆಳಗೆ ಹೋಯಿತು? ಕಾರ್ಯಕ್ರಮ ನಡೆದ ಕ್ರಮದಲ್ಲೇ ಬರೆದೆ. ಎರಡನೇ ತಪ್ಪು: ಮಂಗಳೂರ ಸಮಾಚಾರವನ್ನು ದಿನಪತ್ರಿಕೆ ಎಂದೆ. ಅದು ಪಾಕ್ಷಿಕ. ನಿರೂಪಕರು ಹೇಳಿದ್ದನ್ನೇ ನಂಬಿದ್ದೆ. ಮುಂದಿನ ಸಲ: ಬರೆಯುವ ಮೊದಲು ಏನಾಯ್ತು ಅಂತ ಗೆಳತಿಗೆ ಒಂದೇ ವಾಕ್ಯದಲ್ಲಿ ಹೇಳುವುದು. ಅದೇ ಇಂಟ್ರೊ.’

ಎರಡಕ್ಕೂ ಇರುವ ವ್ಯತ್ಯಾಸ ಕಾಣುತ್ತದೆ ಅಲ್ವಾ? ಎರಡನೆಯದರಲ್ಲಿ ನಾಲ್ಕು ಸಂಗತಿಗಳಿವೆ. ನಾನು ಏನು ಮಾಡಿದೆ, ಏನು ಬದಲಾಯಿತು, ಯಾಕೆ ಹಾಗೆ ಮಾಡಿದ್ದೆ, ಮುಂದಿನ ಸಲ ಏನು. ಮೂರನೆಯ ಪ್ರಶ್ನೆಯೇ ಕಷ್ಟ. ಅದನ್ನು ಬಿಟ್ಟುಬಿಡುವವರೇ ಜಾಸ್ತಿ. ‘ಗಮನ ಇರಲಿಲ್ಲ’ ಎಂದು ಬರೆದು ಸುಮ್ನೆ ಮುಂದೆ ಹೋಗಬೇಡಿ. ಗಮನ ಯಾಕೆ ತಪ್ಪಿತು ಎಂದು ಇನ್ನೊಂದು ವಾಕ್ಯ ಬರೆಯಿರಿ.

ಅಂದಹಾಗೆ, ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದದ್ದು 1843ರ ಜುಲೈ 1ರಂದು. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅದನ್ನು ಕಲ್ಲಚ್ಚಿನಲ್ಲಿ ತಂದರು. ಜುಲೈ 1 ನಮ್ಮಲ್ಲಿ ಪತ್ರಿಕಾ ದಿನವಾದದ್ದು ಅದೇ ಕಾರಣಕ್ಕೆ. ಎಷ್ಟೋ ವಿದ್ಯಾರ್ಥಿಗಳು ಬರೆಯುವ ಮೊದಲ ವರದಿ ಈ ದಿನದ ಕಾರ್ಯಕ್ರಮದ್ದೇ ಆಗಿರುತ್ತದೆ. ನಿಮ್ಮ ದಿನಚರಿಯೂ ಅಲ್ಲಿಂದ ಶುರುವಾಗಬಹುದು.

ಡೊನಾಲ್ಡ್ ಶೋನ್ ಎಂಬ ಅಮೆರಿಕದ ಚಿಂತಕರು ಹೀಗೆ ನಮ್ಮ ಕೆಲಸದ ಬಗ್ಗೆ ನಾವೇ ಯೋಚಿಸುವುದಕ್ಕೆ 1983ರಲ್ಲಿ ಒಂದು ಒಳ್ಳೆಯ ವಿವರಣೆ ಕೊಟ್ಟರು. ಕೆಲಸ ಬಲ್ಲವರು ಎರಡು ಬಗೆಯಲ್ಲಿ ಯೋಚಿಸುತ್ತಾರೆ. ಕೆಲಸ ಮಾಡುತ್ತಿರುವಾಗಲೇ ಯೋಚಿಸುವುದು ಒಂದು, ಮುಗಿದ ಮೇಲೆ ಹಿಂದಿರುಗಿ ನೋಡುವುದು ಇನ್ನೊಂದು. ಸುದ್ದಿಮನೆಯಲ್ಲಿ ಡೆಡ್‌ಲೈನ್ ತಲೆ ಮೇಲೆ ಇರುವಾಗ ಮೊದಲನೆಯದಕ್ಕೆ ಪುರುಸೊತ್ತು ಕಡಿಮೆ. ಎರಡನೆಯದನ್ನು ರೂಢಿ ಮಾಡಿಕೊಂಡವರಿಗೆ ಮೊದಲನೆಯದು ನಿಧಾನಕ್ಕೆ ಕೈಗೆ ಬರುತ್ತದೆ. ನನ್ನ ವಿದ್ಯಾರ್ಥಿಗಳಲ್ಲಿ ಇದನ್ನು ಕಂಡಿದ್ದೇನೆ.

ಎರಡೂ ಪ್ರತಿ ಅಕ್ಕಪಕ್ಕ

ಇದು ಇಡೀ ಲೇಖನದಲ್ಲಿ ನನಗೆ ಮುಖ್ಯವಾದ ಹಂತ. ಎಡಪುಟದಲ್ಲಿ ನೀವು ಬರೆದ ಪ್ರತಿ, ಬಲಪುಟದಲ್ಲಿ ತಿದ್ದಿದ ಪ್ರತಿ. ಎರಡನ್ನೂ ಅಂಟಿಸಿ. ಇಂಟರ್ನ್‌ಶಿಪ್‌ನಲ್ಲಿ ನಿಮ್ಮ ವರದಿ ಅಚ್ಚಾದರೆ ಕತ್ತರಿಸಿದ ತುಣುಕನ್ನು ಮಾತ್ರ ಇಟ್ಟುಕೊಳ್ಳಬೇಡಿ. ನೀವು ಡೆಸ್ಕಿಗೆ ಕಳಿಸಿದ್ದನ್ನೂ ಪಕ್ಕದಲ್ಲಿ ಇಡಿ. ಬೈಲೈನ್, ಅಂದರೆ ವರದಿಯ ಜತೆ ಅಚ್ಚಾಗುವ ನಿಮ್ಮ ಹೆಸರು, ಖುಷಿ ಕೊಡುತ್ತದೆ, ನಿಜ. ಆದರೆ ನೀವು ಕಳಿಸಿದ 400 ಪದ 180ಕ್ಕೆ ಇಳಿದದ್ದು ಹೇಗೆ ಎಂಬುದರಲ್ಲಿ ಪಾಠ ಇದೆ.

ಆಮೇಲೆ ಬಣ್ಣದ ಪೆನ್ನು ಹಿಡಿದು ಪ್ರತಿ ಬದಲಾವಣೆಯ ಹತ್ತಿರ ಒಂದು ಅಕ್ಷರ ಬರೆಯಿರಿ. ಮಾಹಿತಿ ತಪ್ಪಿದ್ದರೆ ‘ಮಾ’, ಭಾಷೆಯದಾದರೆ ‘ಭಾ’, ಜೋಡಣೆಯದಾದರೆ ‘ಜೋ’, ಇನ್ನೊಂದು ಕಡೆಯವರನ್ನು ಕೇಳದೆ ಬರೆದಿದ್ದರೆ ‘ನ್ಯಾ’, ಅಂದರೆ ನ್ಯಾಯ. ಒಂದು ತಿಂಗಳು ಹೀಗೆ ಮಾಡಿದರೆ ನಿಮ್ಮ ಚಾಳಿ ನಿಮಗೇ ಕಾಣುತ್ತದೆ. ಭಾಷೆ ಚೆನ್ನಾಗಿರುವ ಎಷ್ಟೋ ಮಕ್ಕಳ ಪುಟಗಳಲ್ಲಿ ‘ನ್ಯಾ’ ತುಂಬಿರುವುದನ್ನು ನೋಡಿದ್ದೇನೆ. ಅಂಥವರಿಗೆ ವ್ಯಾಕರಣದ ಪಾಠಕ್ಕಿಂತ ಎರಡನೇ ಫೋನ್ ಕರೆ ಮಾಡುವ ಅಭ್ಯಾಸ ಬೇಕು.

ಸಂಖ್ಯೆಗಳ ತಪ್ಪನ್ನು ಮಾತ್ರ ಪ್ರತ್ಯೇಕವಾಗಿ ಬರೆದಿಡಿ. ಒಮ್ಮೆ ಒಬ್ಬ ಹುಡುಗ ಕೋಲಾರದ ಎಪಿಎಂಸಿಗೆ ಹೋಗಿ ಟೊಮೆಟೊ ಹರಾಜು ನೋಡಿ ಬಂದ. ಬೆಲೆ ಬರೆದ, ಎಷ್ಟಕ್ಕೆ ಎಂದು ಬರೆಯಲಿಲ್ಲ. ಅಲ್ಲಿ ಹರಾಜು ಕೂಗುವುದು 15 ಕೆ.ಜಿ. ಬಾಕ್ಸಿಗೆ. ಓದುವವರು ಕೆ.ಜಿ.ಗೆ ಎಂದುಕೊಳ್ಳುತ್ತಾರೆ. ಜತೆಗೆ ಅವನು ಬರೆದದ್ದು ಅವತ್ತಿನ ಅತಿ ಹೆಚ್ಚಿನ ದರ. ಹೆಚ್ಚಿನ ರೈತರಿಗೆ ಸಿಕ್ಕಿದ್ದು ಅದಕ್ಕಿಂತ ಕಡಿಮೆ. ತನ್ನ ದಿನಚರಿಯಲ್ಲಿ ಅವನು ಬರೆದುಕೊಂಡ ಸಾಲು ನನಗೆ ತುಂಬಾ ಇಷ್ಟವಾಯಿತು: ‘ಬೆಲೆ ಕೇಳಿದರೆ ಸಾಲದು. ಎಷ್ಟಕ್ಕೆ, ಎಷ್ಟು ಜನರಿಗೆ ಎಂದೂ ಕೇಳಬೇಕು.’

ಒಂದು ಸುದ್ದಿ, ಮೂರು ಪತ್ರಿಕೆ

ವಾರಕ್ಕೊಂದು ದಿನ ಲೈಬ್ರರಿಯಲ್ಲಿ ಕೂತು ಒಂದೇ ಸುದ್ದಿಯನ್ನು ಮೂರು ಪತ್ರಿಕೆಗಳಲ್ಲಿ ಓದಿ. ಶೀರ್ಷಿಕೆ ಬರೆದುಕೊಳ್ಳಿ. ಎಷ್ಟು ಜನರ ಮಾತು ಇದೆ, ಅದರಲ್ಲಿ ಅಧಿಕಾರಿಗಳು ಎಷ್ಟು, ಊರಿನವರು ಎಷ್ಟು, ಹೆಂಗಸರು ಎಷ್ಟು ಎಂದು ಎಣಿಸಿ. ಅದೇ ಸುದ್ದಿ ಆಕಾಶವಾಣಿಯಲ್ಲಿ ಬಂದರೆ ಹೇಗೆ ಚಿಕ್ಕದಾಯಿತು ಎಂದೂ ಕೇಳಿಸಿಕೊಳ್ಳಿ. ‘ಈ ಪತ್ರಿಕೆ ಚೆನ್ನಾಗಿದೆ’ ಎಂಬ ತೀರ್ಪು ಬೇಡ. ಎಣಿಸಿದ್ದನ್ನು ಮಾತ್ರ ಬರೆಯಿರಿ.

ಕ್ಯಾಮೆರಾ, ಮೈಕ್

ಆಗಲೇ ಬೇರೆ ಬಿಡಿ ಎಂದ 20 ಪುಟ ಇದಕ್ಕೆ. ಇಲ್ಲಿ ಯೋಚನೆ ಕಡಿಮೆ, ಲೆಕ್ಕ ಜಾಸ್ತಿ. ಯಾವ ಮೈಕ್, ಎಷ್ಟು ದೂರ, ಫ್ಯಾನ್ ಆಫ್ ಮಾಡಿದ್ದಿರಾ, ಬೈಟ್ (ಕ್ಯಾಮೆರಾ ಮುಂದೆ ಒಬ್ಬರು ಆಡುವ ಮಾತು) ತೆಗೆಯುವಾಗ ಕಿಟಕಿ ಯಾವ ಕಡೆ ಇತ್ತು. ಒಂದು ಉದಾಹರಣೆ: ಟ್ಯೂಬ್‌ಲೈಟಿನ ಕೆಳಗೆ ತೆಗೆದ ವಿಡಿಯೊದಲ್ಲಿ ಕಪ್ಪು ಪಟ್ಟಿಗಳು ಓಡುತ್ತವೆ. ಕ್ಯಾಮೆರಾ ಕೆಟ್ಟಿದೆ ಎಂದು ಮಕ್ಕಳು ತಿಳಿಯುತ್ತಾರೆ. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಹಾಗಾಗಿ ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಪಟ್ಟಿ ಹೋಗುತ್ತದೆ. ಒಮ್ಮೆ ಬರೆದಿಟ್ಟರೆ ಮುಂದಿನ ಶೂಟಿಂಗ್ ದಿನ ಅರ್ಧ ಗಂಟೆ ಉಳಿಯುತ್ತದೆ.

ಬರೆಯಬಾರದ್ದು

ದಿನಚರಿಯನ್ನು ಮೇಷ್ಟ್ರು ನೋಡುತ್ತಾರೆ, ಗೆಳೆಯರು ತಿರುವಿ ಹಾಕುತ್ತಾರೆ, ಬಸ್ಸಿನಲ್ಲಿ ಕಳೆದೂ ಹೋಗಬಹುದು. ಹೆಸರು ಹೇಳಬೇಡಿ ಎಂದು ನಿಮ್ಮ ಹತ್ತಿರ ಮಾತಾಡಿದವರ ಹೆಸರು, ಫೋನ್ ನಂಬರು ಇದರಲ್ಲಿ ಬೇಡ. ‘ಮೂಲ 1’, ‘ಮೂಲ 2’ ಎಂದು ಬರೆಯಿರಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರು, ವಿಳಾಸ, ಫೋಟೊ, ಮನೆಯವರ ವಿವರ, ಶಾಲೆ, ಬಡಾವಣೆ ಯಾವುದನ್ನೂ ಮಾಧ್ಯಮಗಳು ಬಹಿರಂಗ ಮಾಡಬಾರದು ಎಂದು ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಹೇಳುತ್ತದೆ. ಆ ಎಚ್ಚರ ನೋಟ್‌ಬುಕ್ಕಿನಿಂದಲೇ ಶುರುವಾಗಲಿ. ಆದರೆ ಅಂಥ ಸುದ್ದಿಗೆ ಹೋಗಿ ಬಂದ ದಿನ ನಿಮ್ಮ ಮನಸ್ಸಿಗೆ ಏನಾಯಿತು ಎಂಬುದನ್ನು ಖಂಡಿತ ಬರೆಯಿರಿ. ರಾತ್ರಿ ನಿದ್ದೆ ಬರದಿದ್ದರೆ ಅದನ್ನೂ ಬರೆಯಿರಿ, ಮರುದಿನ ನಂಬಿಕೆಯ ಮೇಷ್ಟ್ರ ಹತ್ತಿರ ಹೇಳಿ.

ತಿಂಗಳಿಗೊಮ್ಮೆ ಓದಿ

ಬರೆದು ಮುಚ್ಚಿಟ್ಟರೆ ಪ್ರಯೋಜನ ಇಲ್ಲ. ತಿಂಗಳ ಕೊನೆಯ ಶನಿವಾರ ಮೊದಲ ಪುಟದಿಂದ ಓದಿ. ‘ಮುಂದಿನ ಸಲ’ ಎಂದು ಬರೆದ ಸಾಲುಗಳಿಗೆಲ್ಲ ಗೆರೆ ಹಾಕಿ. ಮಾಡಿದ್ದಕ್ಕೆ ಸರಿ ಗುರುತು. ಮೂರು ಸಲ ಬರೆದೂ ಮಾಡದೇ ಇರುವುದು ಯಾವುದಾದರೂ ಇದ್ದರೆ ಆ ಪುಟ ತೆರೆದುಕೊಂಡೇ ಮೇಷ್ಟ್ರ ಹತ್ತಿರ ಹೋಗಿ. ‘ಸರ್, ನನ್ನ ಇಂಟ್ರೊ ಚೆನ್ನಾಗಿ ಬರುತ್ತಿಲ್ಲ’ ಎಂದರೆ ಅವರು ಎಲ್ಲರಿಗೂ ಹೇಳುವ ಮಾತನ್ನೇ ಹೇಳಿಯಾರು. ಮೂರು ಇಂಟ್ರೊಗಳನ್ನು ತಿದ್ದಿದ ಪ್ರತಿಯ ಜತೆ ಮುಂದೆ ಇಟ್ಟರೆ, ಕುರ್ಚಿ ಎಳೆದುಕೊಂಡು ಕೂತು ನಿಮ್ಮ ವಾಕ್ಯದ ಬಗ್ಗೆ ಮಾತಾಡುತ್ತಾರೆ.