ಬಾರ್ಸಿಲೋನಾಗೆ ಹೊಸಬರಾ? ಮಕ್ಕಳ ಜೊತೆ ಮೊದಲು ಕಾಸ್ಟೆಲ್‌ಡೆಫೆಲ್ಸ್ ಬೀಚಿಗೆ ಹೋಗಿ

ಬಾರ್ಸಿಲೋನಾಗೆ ಹೊಸದಾಗಿ ಬಂದ ನಮ್ಮವರು ಮೊದಲ ಬೇಸಿಗೆಯಲ್ಲಿ ಸೀದಾ ಹೋಗುವುದು ಬಾರ್ಸಿಲೊನೆಟಾ ಬೀಚಿಗೆ. ಮೆಟ್ರೋ ಇಳಿದು ನಾಲ್ಕು ಹೆಜ್ಜೆ ನಡೆದರೆ ಸಮುದ್ರ, ಅದು ಸರಿ. ಆದರೆ ಜುಲೈ ಬಂತೆಂದರೆ ಅಲ್ಲಿ ಟವೆಲ್ ಹಾಸುವುದಕ್ಕೂ ಜಾಗ ಹುಡುಕಬೇಕು. ಪ್ರವಾಸಿಗಳ ಗದ್ದಲ ಜಾಸ್ತಿ, ಬ್ಯಾಗ್ ಕದಿಯುವವರೂ ಜಾಸ್ತಿ. ಒಂದು ಕಣ್ಣು ಮಗುವಿನ ಮೇಲೆ, ಇನ್ನೊಂದು ಚೀಲದ ಮೇಲೆ ಇಟ್ಟುಕೊಂಡು ಕೂತರೆ ಸಮುದ್ರ ನೋಡುವುದು ಯಾವಾಗ? ಚಿಕ್ಕ ಮಕ್ಕಳಿರುವ ಮನೆಯವರಿಗೆ ನಾನು ಹೇಳುವುದು ಒಂದೇ ಮಾತು. ಇನ್ನೊಂದು ಅರ್ಧ ಗಂಟೆ ರೈಲಿನಲ್ಲಿ ಕೂತು ಕಾಸ್ಟೆಲ್‌ಡೆಫೆಲ್ಸ್‌ಗೆ ಹೋಗಿ.

ಬಾರ್ಸಿಲೋನಾದಿಂದ ನೈಋತ್ಯಕ್ಕೆ ಸುಮಾರು 20 ಕಿಲೋಮೀಟರ್. ಬೀಚಿನ ಉದ್ದ ಸುಮಾರು 5 ಕಿಲೋಮೀಟರ್. ಒಂದು ತುದಿ ಗಾವಾ ಊರಿನ ಕಡಲತೀರಕ್ಕೆ ಸೇರುತ್ತದೆ, ಇನ್ನೊಂದು ತುದಿ ಗರ್ರಾಫ್ ಗುಡ್ಡಗಳ ಬುಡಕ್ಕೆ ಬರುತ್ತದೆ. ಲ್ಯೊಬ್ರೆಗಾತ್ ನದಿ ಸಾವಿರಾರು ವರ್ಷ ಹೊತ್ತು ತಂದು ಸುರಿದ ಮರಳು ಇದು. ಅದಕ್ಕೇ ಇಷ್ಟು ನುಣ್ಣಗಿದೆ, ಇಷ್ಟು ಅಗಲವಾಗಿದೆ. ಆಗಸ್ಟ್‌ನ ಭಾನುವಾರವೂ ಸ್ವಲ್ಪ ದೂರ ನಡೆದರೆ ಮಕ್ಕಳು ಓಡಾಡುವಷ್ಟು ಖಾಲಿ ಜಾಗ ಸಿಗುತ್ತದೆ.

ರೈಲಿನ ವಿಷಯದಲ್ಲಿ ಹೊಸಬರು ಗಮನಿಸಬೇಕಾದದ್ದು ಸ್ವಲ್ಪ ಇದೆ. ಸಾಂತ್ಸ್ ಅಥವಾ ಪಸೇಜ್ ದೆ ಗ್ರಾಸಿಯಾ ಸ್ಟೇಷನ್ನಿನಲ್ಲಿ 'ಆರ್2 ಸುದ್' ಎಂದು ಬರೆದಿರುವ ರೈಲನ್ನೇ ಹತ್ತಿ. ಬರೀ 'ಆರ್2' ಎಂದಿದ್ದರೆ ಅದು ಕಾಸ್ಟೆಲ್‌ಡೆಫೆಲ್ಸ್ ಊರೊಳಗಿನ ಸ್ಟೇಷನ್ನಿನಲ್ಲೇ ನಿಂತುಬಿಡುತ್ತದೆ. 'ಆರ್2 ನೊರ್ಡ್' ಹತ್ತಿದರೆ ಸೀದಾ ವಿಮಾನ ನಿಲ್ದಾಣಕ್ಕೆ ಹೋಗಿರುತ್ತೀರಿ. ನೀವು ಇಳಿಯಬೇಕಾದದ್ದು ಊರ ಸ್ಟೇಷನ್ನಿನ ನಂತರದ 'ಪ್ಲಾಜಾ ದೆ ಕಾಸ್ಟೆಲ್‌ಡೆಫೆಲ್ಸ್' (Platja, ಎಂದರೆ ಬೀಚ್). ಅಲ್ಲಿಂದ ಮರಳಿಗೆ ಹತ್ತು ನಿಮಿಷದೊಳಗಿನ ನಡಿಗೆ.

ಟಿಕೆಟ್ಟಿಗೆ ಒಂದು ವಲಯದ ಕಾರ್ಡೇ ಸಾಕು. ಆದರೆ ಹತ್ತು ಪ್ರಯಾಣದ ಟಿ-ಕಾಸುವಲ್ ಒಬ್ಬರಿಗೆ ಮಾತ್ರ. ಗಂಡ ಹೆಂಡತಿ ಇಬ್ಬರೂ ಅದರಲ್ಲೇ ಒತ್ತಿ ಒಳಗೆ ಹೋಗುವ ಹಾಗಿಲ್ಲ, ತಪಾಸಣೆಯಲ್ಲಿ ಸಿಕ್ಕರೆ ದಂಡ ಬೀಳುತ್ತದೆ. ಮನೆಮಂದಿ ಹಂಚಿಕೊಳ್ಳುವುದಕ್ಕೆಂದೇ ಎಂಟು ಪ್ರಯಾಣದ ಟಿ-ಫಮಿಲಿಯಾರ್ ಇದೆ. ಅದನ್ನು 30 ದಿನದೊಳಗೆ ಮುಗಿಸಬೇಕು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಅದಕ್ಕಿಂತ ದೊಡ್ಡ ಮಕ್ಕಳಿಗೆ 16 ವರ್ಷದವರೆಗೆ ಉಚಿತ ಪ್ರಯಾಣದ ಟಿ-16 ಕಾರ್ಡ್ ಸಿಗುತ್ತದೆ. ಮನೆ ವಿಳಾಸದ ನೋಂದಣಿ ಮುಗಿದ ಕೂಡಲೇ ಅರ್ಜಿ ಹಾಕಿ. ಸುಮ್ನೆ ಮುಂದೂಡಬೇಡಿ.

ಈಗ ಹೇಳುವುದನ್ನು ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಹೇಳಿ, ಹದಿಹರೆಯದ ಮಕ್ಕಳಿದ್ದರೆ ಎದುರು ಕೂರಿಸಿಕೊಂಡು ಹೇಳಿ. ನೀವು ಇಳಿಯುವ ಈ ಬೀಚ್ ಸ್ಟೇಷನ್ನಿನಲ್ಲಿ ಹಳಿ ದಾಟಬೇಡಿ. ಕೆಳಗಿನ ಸುರಂಗ ದಾರಿಯಲ್ಲೇ ಹೋಗಿ, ಎಷ್ಟೇ ನೂಕುನುಗ್ಗಲಿದ್ದರೂ ಕಾಯಿರಿ. 2010ರ ಜೂನ್ 23ರ ರಾತ್ರಿ, ಸಂತ ಜುವಾನ್ ಹಬ್ಬಕ್ಕೆಂದು ಬೀಚಿಗೆ ಬಂದವರು ರೈಲಿನಿಂದ ಇಳಿದು ಹಳಿ ದಾಟುವಾಗ ಇನ್ನೊಂದು ರೈಲು ವೇಗವಾಗಿ ಬಂತು. 12 ಜನ ಸತ್ತರು. ಹೆಚ್ಚಿನವರು ಲ್ಯಾಟಿನ್ ಅಮೆರಿಕದಿಂದ ಬಂದು ಇಲ್ಲಿ ನೆಲೆಸಿದ್ದ ಮನೆಗಳವರು, ನಮ್ಮ ಹಾಗೆಯೇ ವಲಸೆ ಬಂದವರು. ಈ ಮಾರ್ಗದಲ್ಲಿ ಎಲ್ಲ ರೈಲುಗಳೂ ನಿಲ್ಲುವುದಿಲ್ಲ. ಕೆಲವು ವೇಗ ತಗ್ಗಿಸದೆ ಹೋಗುತ್ತವೆ.

ಇನ್ನು ನೀರಿನ ವಿಷಯ. ನಮ್ಮ ಮಲ್ಪೆ, ಪಣಂಬೂರಿನಲ್ಲಿ ಮಳೆಗಾಲ ಬಂದರೆ ಕಡಲಿಗೆ ಇಳಿಯಬೇಡಿ ಎನ್ನುತ್ತಾರೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕದ ಆ ತಿಂಗಳುಗಳೇ ಈಜುವ ಕಾಲ. ಉಬ್ಬರ ಇಳಿತ ಇಲ್ಲ ಎನ್ನುವಷ್ಟು ಕಡಿಮೆ. ಬೆಳಿಗ್ಗೆ ಚಾಪೆ ಹಾಸಿದ ಜಾಗಕ್ಕೆ ಸಂಜೆ ನೀರು ನುಗ್ಗುವುದಿಲ್ಲ. ಲೀಟರಿಗೆ ಸುಮಾರು 38 ಗ್ರಾಂ ಉಪ್ಪಿರುವುದರಿಂದ ದೇಹ ಸುಲಭವಾಗಿ ತೇಲುತ್ತದೆ, ಕಣ್ಣು ಮಾತ್ರ ಚುರುಗುಟ್ಟುತ್ತದೆ. ಮಕ್ಕಳಿಗೆ ಈಜು ಕನ್ನಡಕ ತೆಗೆದುಕೊಂಡು ಹೋಗಿ.

ದಡದಲ್ಲಿ ನೀರು ಆಳವಿಲ್ಲ, ತುಂಬ ದೂರ ನಡೆದರೂ ಸೊಂಟಕ್ಕೇ ಇರುತ್ತದೆ. ಮಕ್ಕಳ ತಾಯಂದಿರು ಈ ಬೀಚನ್ನು ಇಷ್ಟಪಡುವುದು ಇದಕ್ಕೇ. ಆದರೆ ನೀರೊಳಗೆ ಮರಳಿನ ದಿಣ್ಣೆಗಳಿವೆ ಎನ್ನುವುದು ನೆನಪಿರಲಿ. ದಡಕ್ಕೂ ದಿಣ್ಣೆಗೂ ನಡುವೆ ತಗ್ಗು ಇರುತ್ತದೆ. ದೊಡ್ಡವರು ತಗ್ಗನ್ನು ಸಲೀಸಾಗಿ ದಾಟಿ ದಿಣ್ಣೆಯ ಮೇಲೆ ಮೊಣಕಾಲು ನೀರಿನಲ್ಲಿ ನಿಂತಿರುತ್ತಾರೆ. ಅದನ್ನು ನೋಡಿದ ಆರು ವರ್ಷದ ಮಗು ತಾನೂ ಅಲ್ಲಿಗೆ ಹೊರಡುತ್ತದೆ, ನಡುವೆ ಕಾಲು ನೆಲಕ್ಕೆ ಎಟಕುವುದಿಲ್ಲ. ಬಿರುಗಾಳಿ ಬಂದು ಹೋದರೆ ದಿಣ್ಣೆಗಳು ಜಾಗವನ್ನೂ ಬದಲಿಸುತ್ತವೆ. ಹೋದ ವಾರ ಸರಿ ಇದ್ದ ಜಾಗ ಈ ವಾರ ಹಾಗೇ ಇರುತ್ತದೆ ಎಂದು ನಂಬಬೇಡಿ. ಪ್ರತಿ ಸಲವೂ ಮೊದಲು ನೀವೇ ಇಳಿದು ನಡೆದು ನೋಡಿ, ಆಮೇಲೆ ಮಗುವನ್ನು ಕರೆಯಿರಿ. ಚಿಕ್ಕವರಿಂದ ಒಂದು ತೋಳಿನ ದೂರಕ್ಕಿಂತ ಆಚೆ ಹೋಗಬೇಡಿ. ಗಾಳಿ ತುಂಬಿದ ಬಾತುಕೋಳಿ, ಹಾಸಿಗೆ ಇವೆಲ್ಲ ನೋಡಲು ಚೆಂದ, ಆದರೆ ನೆಲದ ಕಡೆಯಿಂದ ಗಾಳಿ ಬೀಸಿದರೆ ಮಗುವಿನ ಸಮೇತ ಒಳಕ್ಕೆ ಸಾಗುತ್ತವೆ. ನಾನಾದರೆ ಅವನ್ನು ಮನೆಯಲ್ಲೇ ಬಿಡುತ್ತೇನೆ.

ಬಾವುಟ ನೋಡಿ ನೀರಿಗಿಳಿಯಿರಿ. ಹಸಿರಿದ್ದರೆ ಸರಿ. ಹಳದಿ ಇದ್ದರೆ ಮಕ್ಕಳು ದಡದಲ್ಲೇ. ಕೆಂಪಿದ್ದರೆ ಯಾರೂ ಇಳಿಯಬಾರದು, ಬಿಸಿಲು ಎಷ್ಟೇ ಚೆನ್ನಾಗಿದ್ದರೂ. ಪೂರ್ವದ ಲ್ಯೆವಾಂತ್ ಗಾಳಿ ಬೀಸಿದ ದಿನ ಶಾಂತವಾಗಿದ್ದ ಕಡಲು ಪೂರ್ತಿ ಬದಲಾಗುತ್ತದೆ. ಲೈಫ್‌ಗಾರ್ಡ್ ಗೋಪುರದ ಹತ್ತಿರ ಕೂರುವುದು ಒಳ್ಳೆಯದು. ತುರ್ತಿಗೆ ಫೋನ್ 112.

ಕೆಲವು ದಿನ ಜೆಲ್ಲಿ ಫಿಶ್ ಬರುತ್ತವೆ. ತಿಳಿನೇರಳೆ ಬಣ್ಣದ ಚಿಕ್ಕದು ಕಂಡರೆ ದೂರ ಇರಿ, ದಡಕ್ಕೆ ಬಿದ್ದು ಸತ್ತದ್ದನ್ನೂ ಮುಟ್ಟಬೇಡಿ. ಕುಟುಕಿದರೆ ಸಮುದ್ರದ ನೀರಿನಲ್ಲೇ ತೊಳೆಯಿರಿ, ನಲ್ಲಿ ನೀರು ಬೇಡ, ಟವೆಲ್ಲಿನಿಂದ ಉಜ್ಜುವುದಂತೂ ಬೇಡವೇ ಬೇಡ. ಮರಳಿನಲ್ಲಿ ಹೂತುಕೊಂಡು ಮುಳ್ಳು ಚುಚ್ಚುವ ಮೀನೂ ಒಂದಿದೆ. ಅದರ ನೋವಿಗೆ ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ ಕಾಲು ಇಡಬೇಕು. ಎರಡಕ್ಕೂ ಮೊದಲು ಲೈಫ್‌ಗಾರ್ಡ್ ಹತ್ತಿರ ಹೋಗಿ. ಭಾಷೆ ಬರದಿದ್ದರೂ ಕಾಲು ತೋರಿಸಿದರೆ ಸಾಕು, ಅವರಿಗೆ ಗೊತ್ತಾಗುತ್ತದೆ.

ಯಾವ ಹೊತ್ತಿಗೆ ಹೋಗಬೇಕು ಎಂದು ಬಹಳ ಜನ ಕೇಳುತ್ತಾರೆ. ಒಂಬತ್ತಕ್ಕೆ ಹೋಗಿ ಹನ್ನೆರಡಕ್ಕೆ ಹೊರಡಿ, ಇಲ್ಲವೇ ಸಂಜೆ ಐದರ ಮೇಲೆ ಹೋಗಿ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆ ಹೊತ್ತಿಗೆ. ಹಾಗಾಗಿ ಆಫೀಸ್ ಮುಗಿಸಿ ಹೊರಟರೂ ಮಕ್ಕಳಿಗೆ ಬೇಕಾದಷ್ಟು ಹೊತ್ತು ಸಿಗುತ್ತದೆ. ನಮ್ಮ ಚರ್ಮಕ್ಕೆ ಏನೂ ಆಗುವುದಿಲ್ಲ ಎಂಬ ಮಾತು ಬಿಡಿ. ಇಲ್ಲಿಯ ಮಧ್ಯಾಹ್ನದ ಬಿಸಿಲಿಗೆ ನಮ್ಮ ಮಕ್ಕಳ ಬೆನ್ನೂ ಸುಡುತ್ತದೆ. ಸನ್‌ಸ್ಕ್ರೀನ್ ಹಚ್ಚಿ, ನೀರಿನಿಂದ ಬಂದ ಮೇಲೆ ಮತ್ತೆ ಹಚ್ಚಿ. ಬೀಚಿನಲ್ಲಿ ಮರ ಇಲ್ಲ, ಛತ್ರಿ ಒಯ್ಯಲೇಬೇಕು.

ಬಟ್ಟೆಯ ಬಗ್ಗೆ ನಮ್ಮ ಹೆಣ್ಣುಮಕ್ಕಳಿಗೆ ಸಂಕೋಚ ಇರುತ್ತದೆ. ಇಲ್ಲಿ ಯಾರೂ ಯಾರನ್ನೂ ನೋಡುತ್ತಾ ಕೂರುವುದಿಲ್ಲ. ಉದ್ದ ತೋಳಿನ ಲೈಕ್ರಾ ಅಂಗಿ, ಲೆಗ್ಗಿಂಗ್ಸ್ ಹಾಕಿಕೊಂಡು ಧಾರಾಳವಾಗಿ ಈಜಿ. ಹತ್ತಿಯ ಚೂಡಿದಾರದಲ್ಲಿ ಆಳಕ್ಕೆ ಹೋಗಬೇಡಿ, ನೆನೆದರೆ ಕಾಲಿಗೆ ಸುತ್ತಿಕೊಂಡು ಕೆಳಕ್ಕೆ ಎಳೆಯುತ್ತದೆ. ಮೇಲ್ಬಟ್ಟೆ ಇಲ್ಲದೆ ಮಲಗಿರುವ ಹೆಂಗಸರು ಕಾಣಬಹುದು. ಇಲ್ಲಿಯವರಿಗೆ ಅದು ಸಹಜ. ಮಕ್ಕಳು ಕೇಳಿದರೆ ಹಾಗೆಂದೇ ಹೇಳಿ. ಫೋಟೋ ತೆಗೆಯುವಾಗ ಬೇರೆಯವರು, ಮುಖ್ಯವಾಗಿ ಬೇರೆಯವರ ಮಕ್ಕಳು, ಅದರಲ್ಲಿ ಬರದ ಹಾಗೆ ನೋಡಿಕೊಳ್ಳಿ.

ಊಟ ಮನೆಯಿಂದಲೇ ಕಟ್ಟಿಕೊಂಡು ಹೋಗಿ. ಇಲ್ಲಿಯ ಸಂಸಾರಸ್ಥರೂ ಹಾಗೇ ಮಾಡುತ್ತಾರೆ, ಡಬ್ಬಿ ತುಂಬ ಕಲ್ಲಂಗಡಿ, ಮೊಟ್ಟೆ-ಆಲೂಗಡ್ಡೆ ತುಂಬಿದ ಬ್ರೆಡ್ಡು ತರುತ್ತಾರೆ. ಪುಳಿಯೋಗರೆ, ಚಪಾತಿ-ಪಲ್ಯ ಬಿಸಿಲಿಗೆ ತಡೆಯುತ್ತವೆ. ಮೊಸರನ್ನಕ್ಕೆ ಐಸ್ ಪ್ಯಾಕ್ ಬೇಕು. ಚಿರಿಂಗಿಟೊ ಎಂಬ ಬೀಚ್ ಹೋಟೆಲಿನಲ್ಲಿ ಕೂತರೆ ಸಸ್ಯಾಹಾರಿಗಳು ಕೇಳಿ ತಿನ್ನಿ. ಸಲಾಡ್ ಎಂದರೆ ಮೇಲೆ ಟ್ಯೂನಾ ಮೀನು ಬರುತ್ತದೆ, 'ಸಿನ್ ಅತೂನ್' ಎಂದು ಮೊದಲೇ ಹೇಳಿ. ತರಕಾರಿ ಪಯೇಯಾ ಎಂಬ ಅನ್ನದ ತಿನಿಸನ್ನು ಮೀನಿನ ಸಾರಿನಲ್ಲಿ ಬೇಯಿಸಿರಬಹುದು. ಪತಾತಾಸ್ ಬ್ರಾವಾಸ್ ಎಂಬ ಕರಿದ ಆಲೂಗಡ್ಡೆಯ ಮೇಲಿನ ಬಿಳಿ ಸಾಸಿನಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಟೊಮೇಟೊ ಉಜ್ಜಿದ ಬ್ರೆಡ್ಡು, ಓರ್ಚಾತಾ ಪಾನೀಯ ಎಲ್ಲರಿಗೂ ಆಗುತ್ತದೆ.

ಇಲ್ಲಿ ಕಳ್ಳತನ ಕಡಿಮೆ, ಆದರೂ ಪಾಸ್‌ಪೋರ್ಟ್ ಮನೆಯಲ್ಲೇ ಇರಲಿ. ಎಲ್ಲರೂ ಒಟ್ಟಿಗೆ ನೀರಿಗಿಳಿಯಬೇಡಿ, ಒಬ್ಬರು ಚೀಲದ ಹತ್ತಿರ ಇರಿ. ಹಿಂದೆ ಹಗ್ಗ ಕಟ್ಟಿ ಬೇಲಿ ಹಾಕಿರುವ ಮರಳ ದಿಬ್ಬಗಳಿಗೆ ಮಕ್ಕಳನ್ನು ಬಿಡಬೇಡಿ. ಅಲ್ಲಿ ಪುಟ್ಟ ಹಕ್ಕಿಗಳು ನೆಲದ ಮೇಲೇ ಮೊಟ್ಟೆ ಇಡುತ್ತವೆ, ಬಿಳಿಯ ಕಡಲ ಲಿಲ್ಲಿ ಹೂ ಬಿಡುತ್ತದೆ. ಜನ ಕಷ್ಟಪಟ್ಟು ಉಳಿಸಿಕೊಂಡ ಜಾಗ ಅದು.

ಊರಿನಿಂದ ಅಪ್ಪ ಅಮ್ಮ ಬಂದಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ದಡದುದ್ದಕ್ಕೂ ಸಮತಟ್ಟಾದ ನಡಿಗೆ ದಾರಿ ಇದೆ, ಬೆಂಚುಗಳಿವೆ, ಮರಳಿನ ಮೇಲೆ ಹಲಗೆ ಹಾಸಿದ ದಾರಿಯೂ ಇದೆ. ಮಂಡಿ ನೋವಿನವರಿಗೆ ಅದೇ ದೊಡ್ಡ ಉಪಕಾರ. ಬೀಚಿನ ಹಿಂದೆ 1992ರ ಒಲಿಂಪಿಕ್ಸ್‌ನಲ್ಲಿ ಕನೂ ದೋಣಿ ಸ್ಪರ್ಧೆ ನಡೆದ ಕಾಲುವೆ ಇದೆ. ತಾತನ ಜೊತೆ ಮೊಮ್ಮಕ್ಕಳು ಅಲ್ಲಿಯವರೆಗೆ ಹೋಗಿ ಬರಬಹುದು.

ತಿಂಗಳು ಆರಿಸಿಕೊಳ್ಳುವ ಅವಕಾಶ ಇದ್ದರೆ ಸೆಪ್ಟೆಂಬರ್ ಆರಿಸಿಕೊಳ್ಳಿ. ಜೂನ್ ಮೊದಲಿಗೆ ನೀರು ಇನ್ನೂ ತಣ್ಣಗೆ, ಚಿಕ್ಕ ಮಕ್ಕಳ ತುಟಿ ಬೇಗ ನೀಲಿಯಾಗುತ್ತದೆ. ಸೆಪ್ಟೆಂಬರಿನಲ್ಲಿ ನೀರು ಬೆಚ್ಚಗೇ ಇರುತ್ತದೆ, ಶಾಲೆ ಶುರುವಾಗಿ ಜನ ಕಡಿಮೆಯಾಗಿರುತ್ತಾರೆ. ಸಂತ ಜುವಾನ್ ರಾತ್ರಿ ಮಾತ್ರ ಚಿಕ್ಕ ಮಕ್ಕಳ ಜೊತೆ ಹೋಗಬೇಡಿ, ಪಟಾಕಿ ಜಾಸ್ತಿ. ಸೀಸನ್ ಮುಗಿದ ಮೇಲೆ ಗೋಪುರಗಳಲ್ಲಿ ಲೈಫ್‌ಗಾರ್ಡ್ ಇರುವುದಿಲ್ಲ, ಬಾವುಟವೂ ಹಾರುವುದಿಲ್ಲ. ಆಗ ಹೋದರೆ ಮಕ್ಕಳನ್ನು ಮೊಣಕಾಲು ನೀರಿನವರೆಗಷ್ಟೇ ಬಿಡಿ.